ಆಮ್ಲಶಾಮಕ

ಆಮ್ಲಶಾಮಕ ಅಥವಾ ಆಂಟಾಸಿಡ್ ಎಂದರೆ ಜಠರದಲ್ಲಿ ಈಗಾಗಲೇ ಸ್ರವಿಸಿರುವ ಆಮ್ಲವನ್ನು ತಟಸ್ಥಗೊಳಿಸಿ ಎದೆಯುರಿ, ಹುಳಿತೇಗು, ಅಜೀರ್ಣ ಮೊದಲಾದ ತೊಂದರೆಗಳಿಗೆ ತಾತ್ಕಾಲಿಕ ಉಪಶಮನ ನೀಡುವ ಔಷಧಗಳ ವರ್ಗ. ರಾಸಾಯನಿಕವಾಗಿ ಇವು ದುರ್ಬಲ ಪ್ರತ್ಯಾಮ್ಲಗಳು ಅಥವಾ ಪ್ರತ್ಯಾಮ್ಲೀಯ ಲವಣಗಳು. ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಮೆಗ್ನೀಸಿಯಂ ಹೈಡ್ರಾಕ್ಸೈಡ್, ಕ್ಯಾಲ್ಸಿಯಂ ಕಾರ್ಬೋನೇಟ್ ಮತ್ತು ಸೋಡಿಯಂ ಬೈಕಾರ್ಬೋನೇಟ್ ಇವುಗಳಲ್ಲಿ ಮುಖ್ಯವಾದವು. ಭಾರತದಲ್ಲಿ ಇವು ಅಗಿಯುವ ಮಾತ್ರೆ, ಗುಲಾಬಿ ಅಥವಾ ಬಿಳಿ ಬಣ್ಣದ ದ್ರವ ಮತ್ತು ನೀರಿನಲ್ಲಿ ನೊರೆಯುಕ್ಕುವ ಪುಡಿಯ ರೂಪದಲ್ಲಿ ವೈದ್ಯರ ಚೀಟಿಯಿಲ್ಲದೆ ದೊರೆಯುತ್ತವೆ. ಆಗೊಮ್ಮೆ ಈಗೊಮ್ಮೆ, ಸೂಚಿಸಿದ ಪ್ರಮಾಣದಲ್ಲಿ ಸೇವಿಸಿದರೆ ಇವು ಬಹುಪಾಲು ಆರೋಗ್ಯವಂತರಿಗೆ ಸುರಕ್ಷಿತ. ಆದರೆ ಹಲವು ಮುಖ್ಯ ಔಷಧಗಳು ರಕ್ತಕ್ಕೆ ಸೇರದಂತೆ ಇವು ತಡೆಯಬಲ್ಲವು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಇವು ಅಪಾಯಕಾರಿ. ಗಂಭೀರ ಕಾಯಿಲೆಯ ಲಕ್ಷಣಗಳನ್ನು ಮರೆಮಾಚುವ ಸಾಧ್ಯತೆಯೂ ಇದೆ.

ಹೆಸರು ಮತ್ತು ವ್ಯಾಪ್ತಿ

ಕರ್ನಾಟಕದ ಆಡುಮಾತಿನಲ್ಲಿ ಎದೆಯುರಿ, ಹೊಟ್ಟೆ ಉಬ್ಬರ, ಹುಳಿತೇಗು ಎಲ್ಲವನ್ನೂ ‘ಗ್ಯಾಸ್ಟ್ರಿಕ್’ ಅಥವಾ ‘ಗ್ಯಾಸ್’ ಎಂಬ ಒಂದೇ ಹೆಸರಿನಿಂದ ಕರೆಯುವುದುಂಟು. ಅದಕ್ಕೆ ಕೊಡುವ ಔಷಧವೆಲ್ಲವೂ ‘ಗ್ಯಾಸ್ ಮಾತ್ರೆ’ ಎನಿಸಿಕೊಳ್ಳುತ್ತದೆ. ವಾಸ್ತವದಲ್ಲಿ ಈ ಹೆಸರಿನಡಿ ಮೂರು ಬೇರೆ ಬೇರೆ ವರ್ಗದ ಔಷಧಗಳಿವೆ.

* ಆಮ್ಲಶಾಮಕಗಳು: ಸ್ರವಿಸಿರುವ ಆಮ್ಲವನ್ನು ತಟಸ್ಥಗೊಳಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಪರಿಣಾಮ ಕಾಣುತ್ತದೆ, ಆದರೆ ಹೆಚ್ಚು ಹೊತ್ತು ಉಳಿಯುವುದಿಲ್ಲ.
* ಎಚ್2 ಗ್ರಾಹಕ ರೋಧಕಗಳು: ಫಾಮೋಟಿಡಿನ್ ಮುಂತಾದವು. ಹಿಸ್ಟಮಿನ್‌ನ ಪ್ರಚೋದನೆಯನ್ನು ತಡೆದು ಆಮ್ಲದ ಉತ್ಪತ್ತಿಯನ್ನು ಕಡಿಮೆ ಮಾಡುತ್ತವೆ.
* ಪ್ರೋಟಾನ್ ಪಂಪ್ ಪ್ರತಿಬಂಧಕಗಳು: ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದವು. ಆಮ್ಲವನ್ನು ಹೊರಹಾಕುವ ಜೀವಕೋಶದ ಪಂಪನ್ನೇ ನಿಲ್ಲಿಸುತ್ತವೆ. ಇವನ್ನು ಸಾಮಾನ್ಯವಾಗಿ ಬೆಳಗಿನ ಉಪಾಹಾರಕ್ಕೆ ಅರ್ಧ ಗಂಟೆ ಮೊದಲು ಸೇವಿಸಲು ಹೇಳಲಾಗುತ್ತದೆ. ಪೂರ್ಣ ಪರಿಣಾಮಕ್ಕೆ ಕೆಲವು ದಿನಗಳು ಬೇಕು.

ಈ ಲೇಖನವು ಮೊದಲ ವರ್ಗಕ್ಕೆ ಸಂಬಂಧಿಸಿದ್ದು. ವರ್ಗಗಳ ವ್ಯತ್ಯಾಸ ತಿಳಿಯದೆ ಒಂದರ ನಿಯಮವನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಔಷಧದಿಂದ ಪ್ರಯೋಜನ ದೊರೆಯದು.

ಎದೆಯುರಿ ಉಂಟಾಗುವ ಬಗೆ

ಜಠರದ ಒಳಪೊರೆಯಲ್ಲಿರುವ ವಿಶೇಷ ಕೋಶಗಳು ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ರವಿಸುತ್ತವೆ. ಖಾಲಿ ಹೊಟ್ಟೆಯಲ್ಲಿ ಜಠರರಸದ ಪಿಎಚ್ ಮೌಲ್ಯ ಸುಮಾರು 1.5ರಿಂದ 3.5ರಷ್ಟಿರುತ್ತದೆ. ಈ ಆಮ್ಲವು ಪ್ರೋಟೀನ್ ಜೀರ್ಣವಾಗಲು ಬೇಕಾದ ಪೆಪ್ಸಿನ್ ಕಿಣ್ವವನ್ನು ಸಕ್ರಿಯಗೊಳಿಸುತ್ತದೆ, ಆಹಾರದೊಂದಿಗೆ ಬಂದ ಅನೇಕ ರೋಗಾಣುಗಳನ್ನು ಕೊಲ್ಲುತ್ತದೆ ಮತ್ತು ಕಬ್ಬಿಣದಂಥ ಪೋಷಕಾಂಶಗಳ ಹೀರಿಕೆಗೆ ನೆರವಾಗುತ್ತದೆ. ಆದ್ದರಿಂದ ಜಠರದ ಆಮ್ಲವು ಸ್ವತಃ ರೋಗವಲ್ಲ.

ಲೋಳೆಯ ಹೊದಿಕೆಯಿರುವುದರಿಂದ ಜಠರದ ಗೋಡೆ ಆಮ್ಲವನ್ನು ತಾಳಿಕೊಳ್ಳುತ್ತದೆ. ಅನ್ನನಾಳಕ್ಕೆ ಅಂಥ ರಕ್ಷಣೆಯಿಲ್ಲ. ಅನ್ನನಾಳವು ಜಠರವನ್ನು ಸೇರುವಲ್ಲಿರುವ ಉಂಗುರಾಕಾರದ ಸ್ನಾಯು ಸಡಿಲಗೊಂಡಾಗ ಜಠರದ ಆಮ್ಲ ಮೇಲಕ್ಕೆ ಬಂದು ಎದೆಮೂಳೆಯ ಹಿಂದೆ ಉರಿಯನ್ನುಂಟುಮಾಡುತ್ತದೆ. ಹೊಟ್ಟೆ ಬಿರಿಯುವಷ್ಟು ಊಟ, ಎಣ್ಣೆಯಲ್ಲಿ ಕರಿದ ತಿಂಡಿ, ಉಂಡ ಕೂಡಲೇ ಮಲಗುವುದು, ಬೊಜ್ಜು, ಗರ್ಭಾವಸ್ಥೆ, ಧೂಮಪಾನ ಮತ್ತು ಮದ್ಯಪಾನಗಳು ಇದಕ್ಕೆ ಅನುವು ಮಾಡಿಕೊಡುತ್ತವೆ. ಹೆಸರಿನಲ್ಲಿ ‘ಎದೆ’ ಇದ್ದರೂ ಎದೆಯುರಿಗೂ ಹೃದಯಕ್ಕೂ ಸಂಬಂಧವಿಲ್ಲ. ಆದರೆ ಎರಡರ ನೋವೂ ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುವುದರಿಂದ ಗೊಂದಲಕ್ಕೆ ಅವಕಾಶವಿದೆ.

ಕಾರ್ಯವಿಧಾನ

ಆಮ್ಲವೂ ಪ್ರತ್ಯಾಮ್ಲವೂ ಸೇರಿದರೆ ಲವಣ ಮತ್ತು ನೀರು ಉಂಟಾಗುತ್ತವೆ ಎಂದು ಪ್ರೌಢಶಾಲೆಯಲ್ಲಿ ಕಲಿಯುವ ಪಾಠವೇ ಆಮ್ಲಶಾಮಕಗಳ ತತ್ತ್ವ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ಜಠರದ ಆಮ್ಲದೊಂದಿಗೆ ವರ್ತಿಸಿ ಮೆಗ್ನೀಸಿಯಂ ಕ್ಲೋರೈಡ್ ಮತ್ತು ನೀರನ್ನು ಕೊಡುತ್ತದೆ. ಸೋಡಿಯಂ ಬೈಕಾರ್ಬೋನೇಟ್ ಆದರೆ ಅಡುಗೆ ಉಪ್ಪು, ನೀರು ಮತ್ತು ಕಾರ್ಬನ್ ಡೈ ಆಕ್ಸೈಡ್ ಅನಿಲವನ್ನು ಕೊಡುತ್ತದೆ. ಸೋಡಾ ಕುಡಿದ ಮೇಲೆ ಬರುವ ದೊಡ್ಡ ತೇಗು ಈ ಅನಿಲದ್ದೇ. ಮೊದಲೇ ಹೊಟ್ಟೆಯಲ್ಲಿದ್ದ ‘ಗ್ಯಾಸ್’ ಹೊರಬಿದ್ದಿತೆಂದು ಜನ ಭಾವಿಸಿದರೂ, ಅದರ ಬಹುಪಾಲು ಆ ಕ್ಷಣದಲ್ಲಿ ಹುಟ್ಟಿದ ಅನಿಲ.

ಖಾಲಿ ಹೊಟ್ಟೆಯಲ್ಲಿ ಸೇವಿಸಿದ ಆಮ್ಲಶಾಮಕವು ಬೇಗನೆ ಕರುಳಿಗೆ ಜಾರಿಹೋಗುವುದರಿಂದ ಅದರ ಪರಿಣಾಮ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಮಾತ್ರ ಇರುತ್ತದೆ. ಊಟವಾದ ಸುಮಾರು ಒಂದು ಗಂಟೆಯ ನಂತರ ಸೇವಿಸಿದರೆ ಅದು ಆಹಾರದೊಂದಿಗೆ ಜಠರದಲ್ಲೇ ಉಳಿದು ಮೂರು ಗಂಟೆಯವರೆಗೂ ಕೆಲಸ ಮಾಡಬಲ್ಲದು.

ವಿಧಗಳು

ಸೋಡಿಯಂ ಬೈಕಾರ್ಬೋನೇಟ್: ಅಡುಗೆ ಸೋಡಾ ಇದೇ. ಇನೋದಂಥ ನೊರೆಯುಕ್ಕುವ ಪುಡಿಗಳಲ್ಲಿ ಇದರೊಂದಿಗೆ ಸಿಟ್ರಿಕ್ ಆಮ್ಲ ಮತ್ತು ಸೋಡಿಯಂ ಕಾರ್ಬೋನೇಟ್ ಇರುತ್ತವೆ. ದಿಢೀರ್ ರವೆ ಇಡ್ಲಿ ಉಬ್ಬುವುದಕ್ಕೂ ಇದೇ ಅನಿಲ ಕಾರಣ. ಪರಿಣಾಮ ಅತಿ ಶೀಘ್ರ, ಆದರೆ ಅಲ್ಪಕಾಲಿಕ. ಇದರ ಮುಖ್ಯ ದೋಷ ಸೋಡಿಯಂ. ಒಂದು ಗ್ರಾಂ ಸೋಡಿಯಂ ಬೈಕಾರ್ಬೋನೇಟಿನಲ್ಲಿ ಸುಮಾರು 274 ಮಿಲಿಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 2 ಗ್ರಾಂಗಿಂತ ಕಡಿಮೆ ಸೋಡಿಯಂ ಸಾಕೆನ್ನುತ್ತದೆ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿಯೇ ಅದರ ಅರ್ಧಕ್ಕಿಂತ ಹೆಚ್ಚು ಸೇರಿಹೋಗುತ್ತದೆ.

ಅಲ್ಯೂಮಿನಿಯಂ ಹೈಡ್ರಾಕ್ಸೈಡ್: ನಿಧಾನವಾಗಿ ಕೆಲಸ ಮಾಡುತ್ತದೆ. ಮಲಬದ್ಧತೆ ಉಂಟುಮಾಡುತ್ತದೆ. ಕರುಳಿನಲ್ಲಿ ಆಹಾರದ ಫಾಸ್ಫೇಟನ್ನು ಹಿಡಿದಿಡುವುದರಿಂದ ದೀರ್ಘಕಾಲ ಬಳಸಿದರೆ ದೇಹದಲ್ಲಿ ಫಾಸ್ಫೇಟ್ ಕುಗ್ಗಿ ಮೂಳೆಗಳು ಮೆದುವಾಗಬಹುದು.

ಮೆಗ್ನೀಸಿಯಂ ಹೈಡ್ರಾಕ್ಸೈಡ್: ‘ಮಿಲ್ಕ್ ಆಫ್ ಮೆಗ್ನೀಷಿಯಾ’ ಎಂದು ಪ್ರಸಿದ್ಧ. ಬೇಗ ಕೆಲಸ ಮಾಡುತ್ತದೆ. ಕರುಳಿಗೆ ನೀರನ್ನು ಸೆಳೆಯುವುದರಿಂದ ಭೇದಿಯಾಗುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ಇದನ್ನು ವಿರೇಚಕವಾಗಿಯೇ ಬಳಸುತ್ತಾರೆ. ಅಲ್ಯೂಮಿನಿಯಂ ಕಟ್ಟುವ ಗುಣವನ್ನೂ ಮೆಗ್ನೀಸಿಯಂ ಸಡಿಲಿಸುವ ಗುಣವನ್ನೂ ಸರಿದೂಗಿಸಲೆಂದು ಜೆಲುಸಿಲ್, ಡೈಜೀನ್ ಮೊದಲಾದ ಔಷಧಗಳಲ್ಲಿ ಎರಡನ್ನೂ ಸೇರಿಸಲಾಗಿದೆ.

ಕ್ಯಾಲ್ಸಿಯಂ ಕಾರ್ಬೋನೇಟ್: ಸೀಮೆಸುಣ್ಣದ ರಾಸಾಯನಿಕ ರೂಪ. ಪ್ರಬಲ ಮತ್ತು ಅಗ್ಗ. ಹೆಚ್ಚು ಸೇವಿಸಿದರೆ ಪರಿಣಾಮ ಇಳಿದ ಮೇಲೆ ಆಮ್ಲ ಮತ್ತೆ ಹೆಚ್ಚಾಗಿ ಸ್ರವಿಸಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡದಲ್ಲಿ ಕಲ್ಲು ಉಂಟಾಗುವ ಅಪಾಯವೂ ಇದೆ. ಮೂಳೆಗಾಗಿ ಕ್ಯಾಲ್ಸಿಯಂ ಮಾತ್ರೆ ನುಂಗುವವರು ಈ ಆಮ್ಲಶಾಮಕವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಜೊತೆಗೆ ಸೇರಿಸುವ ವಸ್ತುಗಳು: ಸಿಮೆಥಿಕೋನ್ ಆಮ್ಲಶಾಮಕವಲ್ಲ. ಅದು ಜಠರದಲ್ಲಿನ ಸಣ್ಣ ಗುಳ್ಳೆಗಳನ್ನು ಒಡೆದು ಉಬ್ಬರವನ್ನು ಇಳಿಸುತ್ತದೆ. ಕಡಲ ಪಾಚಿಯಿಂದ ತೆಗೆದ ಸೋಡಿಯಂ ಆಲ್ಜಿನೇಟ್ ಜಠರದ ದ್ರವದ ಮೇಲೆ ತೆಪ್ಪದಂತೆ ತೇಲಿ ಆಮ್ಲ ಮೇಲಕ್ಕೆ ಬರುವುದನ್ನು ತಡೆಯುತ್ತದೆ. ಕೆಲವು ದ್ರವಗಳಲ್ಲಿರುವ ಆಕ್ಸೆಟಕೇನ್ ಸ್ಥಳೀಯ ಅರಿವಳಿಕೆ. ಅದು ನೋವನ್ನು ಮರಗಟ್ಟಿಸುತ್ತದೆಯೇ ಹೊರತು ಕಾರಣವನ್ನು ನಿವಾರಿಸುವುದಿಲ್ಲ.

ಇತಿಹಾಸ

ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್ 1823ರಲ್ಲಿ ತೋರಿಸಿಕೊಟ್ಟನು. ಐರ್ಲೆಂಡಿನ ವೈದ್ಯ ಜೇಮ್ಸ್ ಮರ್ರೆ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದ್ರವರೂಪದ ಮೆಗ್ನೀಷಿಯಾವನ್ನು ಬಳಕೆಗೆ ತಂದನು. ಅಮೆರಿಕದಲ್ಲಿ ಚಾರ್ಲ್ಸ್ ಹೆನ್ರಿ ಫಿಲಿಪ್ಸ್ 1873ರಲ್ಲಿ ಮಿಲ್ಕ್ ಆಫ್ ಮೆಗ್ನೀಷಿಯಾಕ್ಕೆ ಪೇಟೆಂಟ್ ಪಡೆದನು.

ಷಿಕಾಗೋದ ವೈದ್ಯ ಬರ್ಟ್ರಮ್ ಸಿಪ್ಪಿ 1915ರಲ್ಲಿ ಜಠರದ ಹುಣ್ಣಿಗೆ ಗಂಟೆಗೊಮ್ಮೆ ಹಾಲು, ಕೆನೆ ಮತ್ತು ಪ್ರತ್ಯಾಮ್ಲದ ಪುಡಿಗಳನ್ನು ಕೊಡುವ ಪಥ್ಯವನ್ನು ಪ್ರಚುರಪಡಿಸಿದನು. ಇದು ದಶಕಗಳ ಕಾಲ ರೂಢಿಯಲ್ಲಿತ್ತು. ಹೀಗೆ ಹಾಲನ್ನೂ ಪ್ರತ್ಯಾಮ್ಲವನ್ನೂ ಅತಿಯಾಗಿ ಸೇವಿಸಿದ ಕೆಲವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿಕೆ, ರಕ್ತದ ಕ್ಷಾರತೆ ಮತ್ತು ಮೂತ್ರಪಿಂಡದ ಹಾನಿ ಕಂಡುಬಂದವು. ಈ ತೊಂದರೆಗೆ ‘ಹಾಲು–ಕ್ಷಾರ ಸಹಲಕ್ಷಣ’ ಎಂಬ ಹೆಸರು ಬಂದಿತು. ಚೀಟಿಯಿಲ್ಲದೆ ದೊರೆಯುವ ಕ್ಯಾಲ್ಸಿಯಂ ಮಾತ್ರೆಗಳ ಬಳಕೆ ಹೆಚ್ಚಿದ ಮೇಲೆ ಇದು ಮತ್ತೆ ಕಾಣಿಸಿಕೊಳ್ಳುತ್ತಿದೆ.

ಆಮ್ಲದ ಉತ್ಪತ್ತಿಯನ್ನೇ ತಗ್ಗಿಸುವ ಸಿಮೆಟಿಡಿನ್ 1976ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದಿತು. ಇದರ ಹಿಂದಿದ್ದ ಜೇಮ್ಸ್ ಬ್ಲ್ಯಾಕ್ 1988ರ ನೊಬೆಲ್ ಪ್ರಶಸ್ತಿ ಪುರಸ್ಕೃತರಲ್ಲಿ ಒಬ್ಬರು. ಒಮೆಪ್ರಜೋಲ್ 1988ರಲ್ಲಿ ಬಳಕೆಗೆ ಬಂದಿತು. ಜಠರದ ಹುಣ್ಣುಗಳಲ್ಲಿ ಹೆಚ್ಚಿನವಕ್ಕೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರ ನೊಬೆಲ್ ಪ್ರಶಸ್ತಿ ಸಂದಿತು. ಇದರಿಂದ ಹುಣ್ಣಿನ ಚಿಕಿತ್ಸೆಯಲ್ಲಿ ಆಮ್ಲಶಾಮಕಗಳಿಗಿದ್ದ ಮುಖ್ಯ ಸ್ಥಾನ ಹೋಯಿತು. ಇಂದು ಅವುಗಳ ಸರಿಯಾದ ಪಾತ್ರ ಅಪರೂಪಕ್ಕೆ ಬರುವ ಎದೆಯುರಿಯ ಉಪಶಮನವಷ್ಟೇ.

ಸೇವಿಸುವ ಕ್ರಮ

* ಮಾತ್ರೆಯನ್ನು ಚೆನ್ನಾಗಿ ಅಗಿದು ನುಂಗಬೇಕು. ಇಡಿಯಾಗಿ ನುಂಗಿದರೆ ಅದು ಕರಗುವ ಮೊದಲೇ ಕರುಳಿಗೆ ಹೋಗಬಹುದು.
* ದ್ರವದ ಬಾಟಲಿಯನ್ನು ಪ್ರತಿಸಲವೂ ಚೆನ್ನಾಗಿ ಕುಲುಕಬೇಕು. ಔಷಧದ ಅಂಶ ತಳದಲ್ಲಿ ಕುಳಿತಿರುತ್ತದೆ. ಬಾಟಲಿಗೆ ಬಾಯಿಯಿಟ್ಟು ಕುಡಿಯದೆ ಅಳತೆಯ ಮುಚ್ಚಳವನ್ನು ಬಳಸಬೇಕು.
* ನೊರೆಯುಕ್ಕುವ ಪುಡಿಯನ್ನು ನೀರಿನಲ್ಲಿ ಪೂರ್ತಿ ಕರಗಿಸಿ, ನೊರೆ ಇಳಿದ ಮೇಲೆ ಕುಡಿಯಬೇಕು. ಹೊಟ್ಟೆ ಬಿರಿಯುವಂತೆ ಉಂಡ ಕೂಡಲೇ ಅಡುಗೆ ಸೋಡಾ ಕುಡಿಯಬಾರದು. ಒಮ್ಮೆಲೇ ಹುಟ್ಟುವ ಅನಿಲದಿಂದ ಜಠರವೇ ಒಡೆದ ಅಪರೂಪದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.
* ಊಟದ ನಂತರ 1ರಿಂದ 3 ಗಂಟೆಯೊಳಗೆ ಹಾಗೂ ಅಗತ್ಯವಿದ್ದರೆ ಮಲಗುವ ಮುನ್ನ ಸೇವಿಸುವುದು ರೂಢಿ. ಚೀಟಿಯಲ್ಲಿ ಮುದ್ರಿಸಿದ ದಿನದ ಗರಿಷ್ಠ ಪ್ರಮಾಣವನ್ನು ಮೀರಬಾರದು.
* ವೈದ್ಯರ ಸಲಹೆಯಿಲ್ಲದೆ ಎರಡು ವಾರಗಳಿಗಿಂತ ಹೆಚ್ಚು ಕಾಲ ನಿತ್ಯವೂ ಸೇವಿಸಬಾರದು.

ಇತರ ಔಷಧಗಳೊಂದಿಗೆ ಪರಸ್ಪರ ಕ್ರಿಯೆ

ಆಮ್ಲಶಾಮಕಗಳ ಬಗ್ಗೆ ಸಾರ್ವಜನಿಕರಿಗೆ ಅತ್ಯಂತ ಕಡಿಮೆ ತಿಳಿದಿರುವ ವಿಷಯ ಇದು. ಇವು ಇತರ ಔಷಧಗಳ ಮೇಲೆ ಮೂರು ಬಗೆಯಲ್ಲಿ ಪರಿಣಾಮ ಬೀರುತ್ತವೆ.

1. ಬಂಧನ: ಅಲ್ಯೂಮಿನಿಯಂ, ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಅಯಾನುಗಳು ಕೆಲವು ಔಷಧಗಳಿಗೆ ಅಂಟಿಕೊಂಡು ಕರಗದ ಸಂಯುಕ್ತವಾಗುತ್ತವೆ. ಆ ಔಷಧ ರಕ್ತಕ್ಕೆ ಸೇರದೆ ಮಲದೊಂದಿಗೆ ಹೊರಹೋಗುತ್ತದೆ.
2. ಜಠರದ ಆಮ್ಲೀಯತೆಯ ಬದಲಾವಣೆ: ಕೆಲವು ಔಷಧಗಳು ಕರಗಲು ಆಮ್ಲ ಬೇಕು. ಇನ್ನು ಕೆಲವು ಮಾತ್ರೆಗಳ ಲೇಪನವು ಆಮ್ಲದಲ್ಲಿ ಕರಗದಂತೆ, ಕರುಳಿನಲ್ಲಿ ಮಾತ್ರ ಕರಗುವಂತೆ ರೂಪಿತವಾಗಿದೆ. ಆಮ್ಲ ತಗ್ಗಿದರೆ ಮೊದಲನೆಯವು ಕರಗುವುದಿಲ್ಲ, ಎರಡನೆಯವು ಜಠರದಲ್ಲೇ ಕರಗಿಬಿಡುತ್ತವೆ.
3. ಮೂತ್ರದ ಕ್ಷಾರತೆ: ಹೆಚ್ಚು ಪ್ರಮಾಣದ ಪ್ರತ್ಯಾಮ್ಲದಿಂದ ಮೂತ್ರ ಕ್ಷಾರೀಯವಾಗಿ ಕೆಲವು ಔಷಧಗಳು ದೇಹದಿಂದ ಬೇಗ ಹೊರಹೋಗುತ್ತವೆ, ಕೆಲವು ದೇಹದಲ್ಲೇ ಉಳಿಯುತ್ತವೆ.

ಪಾಲಿಸಬೇಕಾದ ಅಂತರ

* ಲೆವೊಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ): 4 ಗಂಟೆಗಳ ಅಂತರ.
* ಸಿಪ್ರೊಫ್ಲಾಕ್ಸಸಿನ್: ಆಮ್ಲಶಾಮಕಕ್ಕೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ.
* ಡಾಕ್ಸಿಸೈಕ್ಲಿನ್ ಮತ್ತು ಇತರ ಟೆಟ್ರಾಸೈಕ್ಲಿನ್‌ಗಳು: 2ರಿಂದ 3 ಗಂಟೆಗಳ ಅಂತರ.
* ಐಸೋನಿಯಜಿಡ್, ರಿಫಾಂಪಿಸಿನ್ (ಕ್ಷಯರೋಗದ ಔಷಧಗಳು): ಆಮ್ಲಶಾಮಕಕ್ಕೆ ಕನಿಷ್ಠ 1 ಗಂಟೆ ಮೊದಲು.
* ಡೊಲುಟೆಗ್ರಾವಿರ್ (ಎಚ್‌ಐವಿ ಔಷಧ): 2 ಗಂಟೆ ಮೊದಲು ಅಥವಾ 6 ಗಂಟೆ ನಂತರ.
* ಕ್ಲೋರೋಕ್ವಿನ್: 4 ಗಂಟೆಗಳ ಅಂತರ.
* ಕಬ್ಬಿಣಾಂಶದ ಮಾತ್ರೆ: ಕನಿಷ್ಠ 2 ಗಂಟೆಗಳ ಅಂತರ.
* ಅಲೆಂಡ್ರೊನೇಟ್ (ಮೂಳೆ ಸವೆತದ ಔಷಧ): ಇದನ್ನು ಮೊದಲು ಸೇವಿಸಿ, ಕನಿಷ್ಠ ಅರ್ಧ ಗಂಟೆಯ ನಂತರವೇ ಆಮ್ಲಶಾಮಕ.
* ಗ್ಯಾಬಾಪೆಂಟಿನ್: ಆಮ್ಲಶಾಮಕದ 2 ಗಂಟೆ ನಂತರ.
* ಸುಕ್ರಾಲ್ಫೇಟ್: ಅರ್ಧ ಗಂಟೆಯ ಅಂತರ.

ಶಿಲೀಂಧ್ರ ಸೋಂಕಿಗೆ ಕೊಡುವ ಕೀಟೋಕೊನಜೋಲ್ ಮಾತ್ರೆ ಹಾಗೂ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಲು ಆಮ್ಲ ಅಗತ್ಯ. ಕರುಳಿನಲ್ಲಿ ಕರಗುವ ಲೇಪನವಿರುವ ಆಸ್ಪಿರಿನ್ ಮತ್ತು ಬಿಸಾಕೋಡಿಲ್ ಮಾತ್ರೆಗಳನ್ನು ಆಮ್ಲಶಾಮಕದ ಜೊತೆಯಲ್ಲಿ ಸೇವಿಸಬಾರದು. ಹೃದಯದ ಔಷಧವಾದ ಡಿಗಾಕ್ಸಿನ್ ಮತ್ತು ಅಪಸ್ಮಾರದ ಔಷಧವಾದ ಫೆನಿಟಾಯಿನ್‌ಗಳ ಹೀರಿಕೆ ಕುಗ್ಗಬಹುದು. ಲಿಥಿಯಂ ಸೇವಿಸುವವರಲ್ಲಿ ಸೋಡಿಯಂ ಬೈಕಾರ್ಬೋನೇಟ್ ಲಿಥಿಯಂನ ಮಟ್ಟವನ್ನು ಇಳಿಸುತ್ತದೆ. ರಕ್ತದೊತ್ತಡಕ್ಕೆ ಥಯಾಜೈಡ್ ವರ್ಗದ ಔಷಧ ಸೇವಿಸುವವರಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್ ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಏರಿಸಬಹುದು.

ಒಂದು ಉದಾಹರಣೆ

ಒಬ್ಬರು ಸಿಪ್ರೊಫ್ಲಾಕ್ಸಸಿನ್ ಮಾತ್ರೆಯನ್ನು ಬೆಳಿಗ್ಗೆ 8 ಗಂಟೆಗೂ ರಾತ್ರಿ 8 ಗಂಟೆಗೂ ಸೇವಿಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಬೆಳಗಿನ ಮಾತ್ರೆಯಾಗಿ 2 ಗಂಟೆ ಕಳೆಯಬೇಕಾದ್ದರಿಂದ 10 ಗಂಟೆಗೆ ಮೊದಲು ಆಮ್ಲಶಾಮಕ ಸಲ್ಲದು. ರಾತ್ರಿಯ ಮಾತ್ರೆಗೆ 6 ಗಂಟೆ ಮೊದಲೇ ಮುಗಿಯಬೇಕಾದ್ದರಿಂದ ಮಧ್ಯಾಹ್ನ 2ರ ನಂತರವೂ ಸಲ್ಲದು. ಹಗಲಿನಲ್ಲಿ ಉಳಿಯುವುದು 10ರಿಂದ 2ರವರೆಗಿನ ನಾಲ್ಕು ಗಂಟೆ ಮಾತ್ರ. ಹೀಗೆ ಲೆಕ್ಕ ಹಾಕದೆ ಮಾತ್ರೆಯಿಂದ ಹೊಟ್ಟೆ ಉರಿಯಿತೆಂದು ಒಡನೆಯೇ ಆಮ್ಲಶಾಮಕ ಕುಡಿದರೆ ಸೋಂಕು ಗುಣವಾಗದೆ ಉಳಿಯಬಹುದು. ಕ್ಷಯರೋಗದ ಚಿಕಿತ್ಸೆಯಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಅಲ್ಲಿ ಔಷಧದ ಮಟ್ಟ ಕುಗ್ಗಿದರೆ ರೋಗಾಣುಗಳು ಔಷಧಕ್ಕೆ ಪ್ರತಿರೋಧ ಬೆಳೆಸಿಕೊಳ್ಳುವ ಅಪಾಯವಿದೆ.

ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ 6 ಗಂಟೆಗೆ ಸೇವಿಸುವವರು 10 ಗಂಟೆಯವರೆಗೆ ಆಮ್ಲಶಾಮಕವನ್ನು ದೂರವಿಡಬೇಕು. ಮಾತ್ರೆ ತಪ್ಪದೆ ಸೇವಿಸಿದರೂ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಇಳಿಯದಿದ್ದರೆ, ಪ್ರಮಾಣ ಏರಿಸುವ ಮೊದಲು ಆಮ್ಲಶಾಮಕ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ವೇಳೆಯನ್ನು ವೈದ್ಯರಿಗೆ ತಿಳಿಸುವುದು ಅಗತ್ಯ.

ಆಯುರ್ವೇದದಲ್ಲಿ ಅಮ್ಲಪಿತ್ತಕ್ಕೆ ಕೊಡುವ ಶಂಖಭಸ್ಮದಲ್ಲಿಯೂ ಕ್ಯಾಲ್ಸಿಯಂ ಸಂಯುಕ್ತಗಳೇ ಪ್ರಧಾನ. ಆದ್ದರಿಂದ ಅಂತಹ ಔಷಧ ಸೇವಿಸುವವರಿಗೂ ಅಂತರದ ಈ ನಿಯಮ ಅನ್ವಯಿಸುತ್ತದೆ.

ವಿಶೇಷ ಎಚ್ಚರ ವಹಿಸಬೇಕಾದವರು

ಮೂತ್ರಪಿಂಡದ ರೋಗಿಗಳು: ಆರೋಗ್ಯವಂತ ಮೂತ್ರಪಿಂಡವು ರಕ್ತಕ್ಕೆ ಸೇರಿದ ಅಲ್ಪ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂಗಳನ್ನು ಹೊರಹಾಕುತ್ತದೆ. ಅದು ಸೋತಾಗ ಅಲ್ಯೂಮಿನಿಯಂ ಮೂಳೆ ಮತ್ತು ಮಿದುಳಿನಲ್ಲಿ ಸಂಗ್ರಹವಾಗಿ ಬುದ್ಧಿಮಂಕು, ಮಾತಿನ ತೊದಲು, ಮೂಳೆನೋವು ಉಂಟಾಗುತ್ತವೆ. ಮೆಗ್ನೀಸಿಯಂ ಏರಿದರೆ ಸ್ನಾಯುಗಳು ದುರ್ಬಲಗೊಂಡು ರಕ್ತದೊತ್ತಡ ಕುಸಿದು ಉಸಿರಾಟವೂ ನಿಲ್ಲಬಹುದು. ಸಿಟ್ರೇಟ್ ಇರುವ ನೊರೆಪುಡಿಯನ್ನು ಅಲ್ಯೂಮಿನಿಯಂ ಔಷಧದೊಂದಿಗೆ ಸೇವಿಸಿದರೆ ಅಲ್ಯೂಮಿನಿಯಂ ಇನ್ನಷ್ಟು ಹೀರಲ್ಪಡುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ವೈದ್ಯರು ಬರೆದುಕೊಟ್ಟದ್ದನ್ನಲ್ಲದೆ ಬೇರಾವ ಆಮ್ಲಶಾಮಕವನ್ನೂ ಸೇವಿಸಬಾರದು.

ರಕ್ತದೊತ್ತಡ, ಹೃದಯ ಅಥವಾ ಯಕೃತ್ತಿನ ಕಾಯಿಲೆ ಇರುವವರು: ಸೋಡಿಯಂ ಇರುವ ಪುಡಿಗಳನ್ನು ತ್ಯಜಿಸಬೇಕು. ಊಟದಲ್ಲಿ ಉಪ್ಪು ಬಿಟ್ಟವರು ಇನೋ ಕುಡಿದರೆ ಆ ಪಥ್ಯ ವ್ಯರ್ಥ.

ಗರ್ಭಿಣಿಯರು: ಎದೆಯುರಿ ಇವರಲ್ಲಿ ಸಾಮಾನ್ಯ. ಕ್ಯಾಲ್ಸಿಯಂ ಕಾರ್ಬೋನೇಟ್ ಅಥವಾ ಆಲ್ಜಿನೇಟ್ ಇರುವ ಔಷಧಗಳನ್ನು ವೈದ್ಯರ ಸಲಹೆಯಂತೆ ಮಿತವಾಗಿ ಬಳಸಬಹುದು. ಸೋಡಿಯಂ ಬೈಕಾರ್ಬೋನೇಟ್ ಸೂಕ್ತವಲ್ಲ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಯೊಂದಿಗೆ ಸೇರಿಸಿ ಸೇವಿಸಿದರೆ ರಕ್ತಹೀನತೆ ನೀಗುವುದಿಲ್ಲ.

ಮಕ್ಕಳು: 12 ವರ್ಷದೊಳಗಿನವರಿಗೆ ವೈದ್ಯರನ್ನು ಕೇಳದೆ ಕೊಡಬಾರದು.

ನೋವಿನ ಮಾತ್ರೆ ಸೇವಿಸುವವರು: ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದವು ಜಠರದಲ್ಲಿ ಹುಣ್ಣು ಮಾಡಬಲ್ಲವು. ಆಮ್ಲಶಾಮಕವು ಉರಿಯನ್ನು ಅಡಗಿಸುತ್ತದೆ, ಹುಣ್ಣನ್ನು ತಡೆಯುವುದಿಲ್ಲ. ಮೊದಲ ಸೂಚನೆಯೇ ರಕ್ತಸ್ರಾವವಾಗಬಹುದು.

ಎದೆಯುರಿಯೋ ಹೃದಯಾಘಾತವೋ

ಹೃದಯದ ಕೆಳಭಾಗಕ್ಕೆ ರಕ್ತದ ಪೂರೈಕೆ ನಿಂತಾಗ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಓಕರಿಕೆ, ತೇಗು ಕಾಣಿಸಿಕೊಳ್ಳಬಹುದು. ಇದನ್ನು ‘ಗ್ಯಾಸ್’ ಎಂದು ಭಾವಿಸಿ ಸೋಡಾ ಕುಡಿದು ಮಲಗುವುದರಿಂದ ಜೀವ ಉಳಿಸುವ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಮಧುಮೇಹಿಗಳು, ಮಹಿಳೆಯರು ಮತ್ತು ವಯೋವೃದ್ಧರಲ್ಲಿ ಎದೆನೋವು ಸ್ಪಷ್ಟವಾಗಿ ಇರದೆಯೂ ಹೃದಯಾಘಾತ ಸಂಭವಿಸುತ್ತದೆ.

ಎದೆಯುರಿ ಸಾಮಾನ್ಯವಾಗಿ ಊಟದ ನಂತರ ಬರುತ್ತದೆ, ಬಾಗಿದಾಗ ಅಥವಾ ಮಲಗಿದಾಗ ಹೆಚ್ಚುತ್ತದೆ, ಬಾಯಿಗೆ ಹುಳಿನೀರು ಬರುತ್ತದೆ. ಹೃದಯದ ನೋವು ಬಿಗಿತ ಅಥವಾ ಭಾರದಂತೆ ಇದ್ದು ನಡೆದಾಗ, ಮೆಟ್ಟಿಲು ಹತ್ತಿದಾಗ ಹೆಚ್ಚುತ್ತದೆ. ತೋಳು, ಕುತ್ತಿಗೆ, ದವಡೆ ಅಥವಾ ಬೆನ್ನಿಗೆ ಹರಡುತ್ತದೆ. ತಣ್ಣನೆಯ ಬೆವರು, ಏದುಸಿರು, ತಲೆಸುತ್ತು ಜೊತೆಗೂಡುತ್ತವೆ. ಆದರೆ ಲಕ್ಷಣಗಳಿಂದಲೇ ಇವೆರಡನ್ನು ಖಚಿತವಾಗಿ ಬೇರ್ಪಡಿಸಲು ವೈದ್ಯರಿಗೂ ಸಾಧ್ಯವಾಗದು. ಇಸಿಜಿ ಮತ್ತು ರಕ್ತಪರೀಕ್ಷೆ ಬೇಕಾಗುತ್ತವೆ. ಆಮ್ಲಶಾಮಕ ಕುಡಿದ ಮೇಲೆ ನೋವು ಇಳಿಯಿತೆಂಬುದು ಹೃದಯ ಸುರಕ್ಷಿತವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಅನುಮಾನವಿದ್ದರೆ ಕಾಯದೆ 108ಕ್ಕೆ ಕರೆ ಮಾಡಬೇಕು. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯು ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು ಹೃದಯಾಘಾತವನ್ನು ಬೇಗ ಪತ್ತೆಹಚ್ಚುವ ಉದ್ದೇಶ ಹೊಂದಿದೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

* ಆಹಾರ ನುಂಗುವಾಗ ಸಿಕ್ಕಿಹಾಕಿಕೊಂಡಂತಾಗುವುದು ಅಥವಾ ನೋವಾಗುವುದು.
* ರಕ್ತವಾಂತಿ, ಅಥವಾ ಟಾರಿನಂತೆ ಕಪ್ಪಾದ ಅಂಟು ಮಲ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೂ ತಪಾಸಣೆ ಲೇಸು.
* ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿಲ್ಲದ ವಾಂತಿ.
* ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಅಜೀರ್ಣದ ತೊಂದರೆ ಆರಂಭವಾಗುವುದು.
* ವಾರದಲ್ಲಿ ಎರಡು ಬಾರಿಗಿಂತ ಹೆಚ್ಚು ಎದೆಯುರಿ, ಅಥವಾ ಎರಡು ವಾರ ಔಷಧ ಸೇವಿಸಿದರೂ ಕಡಿಮೆಯಾಗದಿರುವುದು.

ರೂಢಿಯಲ್ಲಿರುವ ಮನೆಮದ್ದುಗಳು

ತಣ್ಣನೆಯ ಹಾಲು ಕುಡಿದ ಕೂಡಲೇ ಹಿತವೆನಿಸುತ್ತದೆ. ಆದರೆ ಹಾಲಿನ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಆಮ್ಲದ ಸ್ರವಿಕೆಯನ್ನು ಪ್ರಚೋದಿಸುವುದರಿಂದ ಸ್ವಲ್ಪ ಹೊತ್ತಿನ ಮೇಲೆ ಉರಿ ಮರಳಬಹುದು. ಗೋಲಿ ಸೋಡಾ ಆಮ್ಲಶಾಮಕವಲ್ಲ. ಅದು ಕಾರ್ಬನ್ ಡೈ ಆಕ್ಸೈಡ್ ತುಂಬಿದ ನೀರು, ಸ್ವತಃ ಅಲ್ಪ ಆಮ್ಲೀಯ. ತೇಗು ಬರುವಾಗ ಆಮ್ಲವನ್ನೂ ಮೇಲೆ ತರಬಹುದು. ಪದೇ ಪದೇ ಬರುವ ಎದೆಯುರಿಗೆ ರಾತ್ರಿಯ ಊಟವನ್ನು ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಸುವುದು, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು ಎತ್ತರಿಸುವುದು, ತೂಕ ಇಳಿಸುವುದು ಮತ್ತು ತಂಬಾಕು ಬಿಡುವುದು ಬಾಟಲಿಯ ಔಷಧಕ್ಕಿಂತ ಹೆಚ್ಚು ಕಾಲ ನಿಲ್ಲುವ ಪರಿಹಾರಗಳು.

ಇವನ್ನೂ ನೋಡಿ

* ಜಠರ
* ಜಠರದ ಹುಣ್ಣು
* ಹೃದಯಾಘಾತ
* ಸೋಡಿಯಂ ಬೈಕಾರ್ಬೋನೇಟ್
* ಆಮ್ಲ ಮತ್ತು ಪ್ರತ್ಯಾಮ್ಲ